ದೃಷ್ಟಿಗೆಂದು ಬಿಟ್ಟ ಐದನೇ ನಕ್ಷತ್ರ

ಬಸಳೆ ದಂಟನ್ನು ಬೆರಳುದ್ದಕ್ಕೆ ತುಂಡು ಮಾಡಿ ನೀರಿಗೆ ಹಾಕುತ್ತಿದ್ದೆ. ಕೈಯೆಲ್ಲ ಲೋಳೆ. ಆಗಲೇ ಫೋನು ಹೊಡೆದುಕೊಂಡಿತು. ಮೊಣಕೈಯಲ್ಲಿ ಒತ್ತಿ ಸ್ಪೀಕರಿಗೆ ಹಾಕಿದೆ. ನಾದಿನಿ.

"ಅತ್ತಿಗೆ, ಅಣ್ಣ ಅಂಗಡಿ ಮುಚ್ಚಿದ್ದು ಒಂದು ಮಾತು ಹೇಳ್ಲಿಲ್ಲ ನೀವು?"

"ಯಾರು ಮುಚ್ಚಿದ್ದು? ಬೆಳಿಗ್ಗೆ ಬುತ್ತಿ ತೆಕ್ಕೊಂಡು ಹೋಗಿದ್ದಾರಲ್ಲ."

"ನನ್ನ ಹತ್ರ ಎಂತಕ್ಕೆ ಅಡಗಿಸುದು? ಫೋನಿನ ಮ್ಯಾಪಲ್ಲೇ ಬರ್ತದೆ, ಕೆಂಪು ಅಕ್ಷರದಲ್ಲಿ. ಶಾಶ್ವತವಾಗಿ ಮುಚ್ಚಿದೆ ಅಂತ. ನಮ್ಮ ಪಕ್ಕದ ಮನೆಯವರಿಗೆ ಗ್ರೈಂಡರಿನ ಕಲ್ಲು ಕೊತ್ತಿಸ್ಲಿಕ್ಕಿತ್ತು. ಅಣ್ಣನ ಅಂಗಡಿ ತೋರಿಸುವ ಅಂತ ಹುಡುಕಿದ್ರೆ ಹೀಗೆ!"

ಶಾಶ್ವತ ಎಂಬ ಮಾತನ್ನು ನಮ್ಮ ಮನೆಯಲ್ಲಿ ಸುಮ್ಮಸುಮ್ಮನೆ ಯಾರೂ ಆಡುವುದಿಲ್ಲ. ಕೈ ತೊಳೆದುಕೊಂಡೆ. ಲೋಳೆ ಹೋಗಲಿಲ್ಲ. ಹಾಗೆಯೇ ಇವರಿಗೆ ಫೋನು ಮಾಡಿದೆ.

"ಅಂಗಡಿ ತೆರೆದುಂಟಾ?"

"ತೆರೆದೇ ಉಂಟು. ಜನ ಇಲ್ಲ ಅಷ್ಟೆ. ಯಾಕೆ?"

"ಏನಿಲ್ಲ, ಸುಮ್ಮನೆ," ಎಂದು ಇಟ್ಟುಬಿಟ್ಟೆ. ಸಂಜೆ ದೀಪ ಹಚ್ಚಿದ ಮೇಲೆ ಬೆರಳಿನ ಗೆರೆ ಹಿಡಿದು ಆ ದಿನ ದೇವರು ಮಾಡಿದ ಉಪಕಾರಗಳನ್ನು ಎಣಿಸುವುದು ನನ್ನ ಅಭ್ಯಾಸ. ಇವರು ಫೋನು ಎತ್ತಿದರು, ಸ್ವರ ಎಂದಿನಂತೆ ಇತ್ತು. ಆ ದಿನ ಸಿಕ್ಕಿದ್ದು ಅದೊಂದೇ ಗೆರೆ.

ಇವರ ಕೆಲಸವೇನೆಂದು ಹೇಳಬೇಕು. ನಮ್ಮ ಊರಿನಲ್ಲಿ ಗ್ರೈಂಡರ್ ಇಲ್ಲದ ಮನೆ ಇಲ್ಲ. ದೋಸೆಗೆ, ಇಡ್ಲಿಗೆ, ಪುಂಡಿಗೆ, ಮೀನಿನ ಮಸಾಲೆಗೆ ದಿನವೂ ತಿರುಗಿ ತಿರುಗಿ ಅದರ ಕಲ್ಲು ಸವೆದು ನುಣ್ಣಗಾಗುತ್ತದೆ. ನುಣ್ಣಗಾದ ಕಲ್ಲು ಅಕ್ಕಿಯನ್ನು ಅರೆಯುವುದಿಲ್ಲ, ಸುಮ್ಮನೆ ಸುತ್ತಿಸುತ್ತದೆ. ಆಗ ಉಳಿ, ಸುತ್ತಿಗೆ ಹಿಡಿದು ಅದರ ಮೈಮೇಲೆ ಸಣ್ಣ ಸಣ್ಣ ಗುಳಿ ಕೊತ್ತಬೇಕು. ನನ್ನ ಮಾವನವರು ಉಳಿ ಚೀಲ ಹೆಗಲಿಗೆ ಹಾಕಿ ಮನೆಮನೆಗೆ ಹೋಗಿ ಅರೆಯುವ ಕಲ್ಲು ಕೊತ್ತುತ್ತಿದ್ದವರು. ಇವರು ಗಲ್ಫಿನಲ್ಲಿ ಹನ್ನೆರಡು ವರ್ಷ ವರ್ಕ್‌ಶಾಪಿನ ಕೆಲಸ ಮಾಡಿ, ಸಾಕು ಎಂದು ಬಂದು, ಅಪ್ಪನ ಉಳಿ ಹಿಡಿದು ಕಂಕನಾಡಿಯಲ್ಲಿ ಸಣ್ಣ ಅಂಗಡಿ ಇಟ್ಟರು. ಮೋಟಾರ್ ರಿಪೇರಿಯೂ ಉಂಟು, ಆದರೆ ಹೆಸರು ಬಂದದ್ದು ಕಲ್ಲಿನಿಂದಲೇ.

ಆ ಕಟ್ಟಡ ಹಳೆಯದಾಯಿತೆಂದು ಕೆಡವಿದರು. ಅಂಗಡಿ ನೇತ್ರಾವತಿ ಸೇತುವೆಯ ಆಚೆ ತೊಕ್ಕೊಟ್ಟಿಗೆ ಹೋಯಿತು. ಹಳೆಯ ಗೋಡೆಯಲ್ಲಿ ಹೊಸ ವಿಳಾಸ ಬರೆದ ಹಲಗೆ ತೂಗಿಸಿದ್ದೆವು. ಒಂದು ವಾರದಲ್ಲಿ ಗೋಡೆಯೂ ಹೋಯಿತು, ಹಲಗೆಯೂ ಹೋಯಿತು. ಸೇತುವೆಯ ಈಚೆ ಇದ್ದ ಗಿರಾಕಿಗಳಿಗೆ ಇವರು ಎಲ್ಲಿ ಹೋದರೆಂದೇ ತಿಳಿಯಲಿಲ್ಲ. ಆಚೆಯವರಿಗೆ ಇವರು ಯಾರೆಂದು ಗೊತ್ತಿಲ್ಲ.

ಕೆಲಸ ಇಲ್ಲದ ಆ ದಿನಗಳಲ್ಲಿ ಇವರು ನಮ್ಮ ಮನೆಯ ಗ್ರೈಂಡರಿನ ಕಲ್ಲನ್ನೇ ಮೂರು ಸಲ ಕೊತ್ತಿದರು. ಭಾನುವಾರ ಬಂತೆಂದರೆ ಅಂಗಳದಲ್ಲಿ ಟಕ್ ಟಕ್. ಕೊತ್ತಿದ್ದನ್ನೇ ಕೊತ್ತಿ ಹಿಟ್ಟಿನಲ್ಲಿ ಮರಳು ಸಿಗುತ್ತಿತ್ತು. ನಾನು ಆ ಹಿಟ್ಟು ಚೆಲ್ಲಿ, ಕಲ್ಲು ತೊಳೆದು ಮತ್ತೆ ಅರೆಯುತ್ತಿದ್ದೆ.

ಆಗಲೇ ಗಲ್ಫಿನ ಹಳೆಯ ಸ್ನೇಹಿತರೊಬ್ಬರ ಫೋನು ಬಂದಿತ್ತು. ಅವರ ಕಂಪೆನಿಯಲ್ಲಿ ಮೆಂಟೆನೆನ್ಸಿಗೆ ಜನ ಬೇಕಂತೆ. "ನಿನಗಾದ್ರೆ ಇಂಟರ್‌ವ್ಯೂ ಕೂಡ ಬೇಡ. ಕೃಷ್ಣಾಷ್ಟಮಿಯೊಳಗೆ ಹೇಳು, ಆಮೇಲೆ ಬೇರೆಯವರನ್ನು ನೋಡ್ತಾರೆ." ಇವರಿಗೆ ಐವತ್ತೆರಡು. ಸಕ್ಕರೆ ಕಾಯಿಲೆ ಉಂಟು. ಮಗಳು ಸಣ್ಣವಳಿದ್ದಾಗ ಅಪ್ಪ ಎಂದರೆ ಫೋನಿನೊಳಗೆ ಇರುವವರು ಎಂದು ತಿಳಿದಿದ್ದಳು. ಬಂದ ದಿನ ಹೆದರಿ ನನ್ನ ಸೆರಗಿನ ಹಿಂದೆ ಅಡಗಿದ್ದಳು. ಇನ್ನೊಮ್ಮೆ ಅವರನ್ನು ವಿಮಾನ ಹತ್ತಿಸುವ ಶಕ್ತಿ ನನ್ನಲ್ಲಿ ಇರಲಿಲ್ಲ. ಬೇಡ ಎನ್ನುವ ಧೈರ್ಯವೂ ಇರಲಿಲ್ಲ. ಇವರು ಹೇಳಿದ್ದು ಇಷ್ಟೇ: "ಅಷ್ಟಮಿವರೆಗೆ ನೋಡುವ. ಅಂಗಡಿ ಹಿಡಿದ್ರೆ ಹಿಡೀತು. ಇಲ್ಲದಿದ್ರೆ ಹೋಗುದು."

ನಾದಿನಿಯ ಫೋನು ಬಂದದ್ದು ಮಳೆಗಾಲದ ಆಟಿ ತಿಂಗಳಲ್ಲಿ. ಅಷ್ಟಮಿಗೆ ಇನ್ನು ಆರು ವಾರ.

ಮಗಳು ಬಿ.ಕಾಂ. ಓದುತ್ತಿದ್ದಾಳೆ. ಕಾಲೇಜಿನಿಂದ ಬಂದವಳಿಗೆ ವಿಷಯ ಹೇಳಿದೆ. ಅವಳು ಫೋನು ತೆಗೆದು ನೋಡಿದಳು. ನಿಜ. ಅಪ್ಪನ ಅಂಗಡಿಯ ಹೆಸರು, ಕಂಕನಾಡಿಯ ವಿಳಾಸ, ಯಾರೋ ಯಾವಾಗಲೋ ತೆಗೆದ ಹಳೆಯ ಬಾಗಿಲಿನ ಫೋಟೋ, ಅದರ ಕೆಳಗೆ ಆ ಕೆಂಪು ಅಕ್ಷರ.

"ಇದನ್ನು ಬರೆದದ್ದು ಯಾರು? ನಾವು ಬರೆದದ್ದಲ್ಲ ಅಲ್ವಾ?" ಎಂದೆ.

"ಯಾರೂ ಬರೀಬೇಕು ಅಂತ ಇಲ್ಲ ಅಮ್ಮ. ನಾಲ್ಕು ಜನ ಹುಡುಕಿದ್ರೆ, ಯಾರಾದ್ರೂ ಸೇರಿಸಿದ್ರೆ, ತನ್ನಷ್ಟಕ್ಕೇ ಒಂದು ಪುಟ ಆಗ್ತದೆ. ಕಟ್ಟಡ ಹೋದದ್ದು ನೋಡಿ ಯಾರೋ ಮುಚ್ಚಿದೆ ಅಂತ ಒತ್ತಿದ್ದಾರೆ. ನಾವು ಹೋಗಿ ಇದು ನಮ್ಮದು ಅಂತ ಹೇಳ್ಬೇಕಿತ್ತು. ಹೇಳ್ಲೇ ಇಲ್ಲ."

ನಾವು ಅನ್ನ ಬೇಯಿಸಿಕೊಂಡು, ಬಟ್ಟೆ ಒಗೆದುಕೊಂಡು ಇದ್ದಾಗ ಎಲ್ಲಿಯೋ ನಮ್ಮ ಅಂಗಡಿಯ ಹೆಸರಿನಲ್ಲಿ ಇನ್ನೊಂದು ಅಂಗಡಿ ಹುಟ್ಟಿ, ಬಾಗಿಲು ತೆರೆದು, ಬಾಗಿಲು ಮುಚ್ಚಿಯೂ ಆಗಿತ್ತು. ನಮಗೆ ಸುದ್ದಿಯೇ ಇಲ್ಲ.

ಅದು ನಮ್ಮದೆಂದು ಸಾಬೀತು ಮಾಡಲು ವೀಡಿಯೋ ತೆಗೆದು ಕಳಿಸಬೇಕಂತೆ. ರಸ್ತೆ, ಬೋರ್ಡು, ಬೀಗ ತೆಗೆಯುವುದು, ಒಳಗಿನ ಸಾಮಾನು, ಎಲ್ಲ ಒಂದೇ ಸಲಕ್ಕೆ, ನಡುವೆ ನಿಲ್ಲಿಸದೆ. ಶುಭಕಾರ್ಯ ಅಲ್ಲವೇ ಎಂದು ನಾನು ಬೆಳಿಗ್ಗೆಯೇ ಹೋಗಿ ಬಾಗಿಲಿಗೆ ಮಾವಿನ ತೋರಣ ಕಟ್ಟಿದೆ. ಬೋರ್ಡಿಗೆ ಅಷ್ಟುದ್ದದ ಸೇವಂತಿಗೆ ಮಾಲೆ ಹಾಕಿದೆ. ಇವರು ಬಿಳಿ ಅಂಗಿ ಹಾಕಿ, ದೇವರ ಗುಡಿಯ ಬಾಗಿಲು ತೆಗೆಯುವ ಹಾಗೆ ಬೀಗ ತೆಗೆದರು. ಮೂರು ದಿನ ಬಿಟ್ಟು ಆಗುವುದಿಲ್ಲ ಎಂದು ಉತ್ತರ ಬಂತು. ಅಂಗಡಿಯ ಹೆಸರು ಕಾಣುವುದಿಲ್ಲವಂತೆ. ನನ್ನ ಮಾಲೆ ಅದರ ಮೇಲೆಯೇ ಬಿದ್ದಿತ್ತು.

ಮಗಳು ನಕ್ಕು ನಕ್ಕು ಸುಸ್ತಾದಳು. "ಅಮ್ಮ, ನೀವು ಪೂಜೆ ಮಾಡಿದ್ದು ದೇವರಿಗೆ ಕಾಣ್ತದೆ. ಈ ಮ್ಯಾಪಿನವರಿಗೆ ಬೋರ್ಡು ಕಾಣ್ಬೇಕು ಮಾರಾಯ್ರೆ."

ಎರಡನೆಯ ಸಲ ಮಾಲೆ ಇಲ್ಲದೆ ಕಳಿಸಿದೆವು. ಕಾಯಬೇಕಿತ್ತು.

ಕಾಯುವ ಆ ವಾರದಲ್ಲಿ ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿಯೇ ಇದ್ದೆ. ಇವರು ಯಾರದೋ ಹಳೆಯ ಕಲ್ಲೊಂದನ್ನು ಕೊತ್ತುತ್ತಿದ್ದರು. ಬುರ್ಖಾ ಹಾಕಿದ, ನನ್ನ ಪ್ರಾಯದ ಒಬ್ಬರು ಬ್ಯಾರಿ ಹೆಂಗಸು ಬಾಗಿಲಲ್ಲಿ ನಿಂತರು. ಕೈಯಲ್ಲಿ ಟೈಲರ್ ಅಂಗಡಿಯ ಚೀಲ.

"ಇಲ್ಲಿ ಕಲ್ಲು ಕೊತ್ತುದು ಯಾರು? ನನ್ನ ಫೋನು ಈ ಕೆಲಸದವರು ಯಾರೂ ಇಲ್ಲ, ಮುಚ್ಚಿದೆ ಅಂತ ಹೇಳ್ತದೆ. ನನ್ನ ಕಿವಿ ಉಂಟು ಅಂತ ಹೇಳ್ತದೆ!"

ಪಕ್ಕದ ಟೈಲರಿನಲ್ಲಿ ಬಟ್ಟೆ ಕೊಡುವಾಗ ಉಳಿಯ ಶಬ್ದ ಕೇಳಿ ಅದರ ಬೆನ್ನು ಹಿಡಿದು ಬಂದಿದ್ದರು. ತಾಯಿಯ ಕಾಲದ ಗ್ರೈಂಡರಂತೆ. ಹೊಸದು ತೆಗೆಯಲು ಮನಸ್ಸಿಲ್ಲ. ಮನೆಯಲ್ಲಿ ಮದುವೆ ಉಂಟು. ಮರುದಿನ ಆಟೋದಲ್ಲಿ ಕಲ್ಲು ತಂದರು.

ಇವರು ಕಲ್ಲಿನ ಮೇಲೆ ಅಂಗೈ ಆಡಿಸಿ ಕೇಳಿದರು: "ಹೆಚ್ಚು ಅರೆಯುದು ಎಂತ? ದೋಸೆಗಾ, ಪತ್ತಿರಿಗಾ?"

"ಅದಕ್ಕೂ ಇದಕ್ಕೂ ಬೇರೆ ಉಂಟಾ?"

"ಉಂಟಲ್ಲ. ಪತ್ತಿರ್ ತೆಳು ಅಕ್ಕಿರೊಟ್ಟಿ ಅಲ್ವಾ, ಅದಕ್ಕೆ ಗುಳಿ ಹತ್ತಿರ ಹತ್ತಿರ ಬೇಕು, ಸಣ್ಣದು. ಹಿಟ್ಟು ಬೆಣ್ಣೆಯ ಹಾಗೆ ಬರ್ಬೇಕಲ್ಲ."

ಆಕೆ ನನ್ನ ಮುಖ ನೋಡಿ ಹುಬ್ಬೇರಿಸಿದರು. "ಅಲ್ಲ ಅಕ್ಕ, ಇವರು ಮನೆಯಲ್ಲಿಯೂ ಹೀಗೇನಾ?"

"ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿ ಉಂಟು ಅಂತ ಗೊತ್ತಿಲ್ಲ," ಎಂದೆ.

ಕಲ್ಲು ತೆಗೆದುಕೊಂಡು ಹೋದರು. ಅಷ್ಟೇ. ನಾನು ಅದನ್ನು ಆ ದಿನದ ಒಂದು ಗೆರೆ ಎಂದು ಎಣಿಸಿ ಮರೆತೆ.

ಕೆಲವು ದಿನಗಳಲ್ಲಿ ಕೆಂಪು ಅಕ್ಷರ ಹೋಯಿತು. ತೊಕ್ಕೊಟ್ಟಿನ ವಿಳಾಸ ಬಂತು. ನಾನು ಹಾಲು ಪಾಯಸ ಮಾಡಿದೆ. ಮಗಳು ಕೊಟ್ಟಾರದ ನಮ್ಮ ಮನೆಯ ಜಗಲಿಯಲ್ಲಿ ಕೂತು ಗ್ರೈಂಡರ್ ರಿಪೇರಿ ಎಂದು ಹುಡುಕಿದಳು. ಒಂದು, ಎರಡು, ಮೂರು ಎಂದು ಸಾಲಾಗಿ ಅಂಗಡಿಗಳು ಬಂದವು. ಬೆರಳಿನಿಂದ ಎಳೆದಳು, ಎಳೆದಳು. ಪಾಯಸ ತಣಿಯಿತು. ನಮ್ಮದು ಎಲ್ಲಿಯೋ ಅಡಿಯಲ್ಲಿ, ಇಪ್ಪತ್ತರ ಆಚೆ.

"ಅಷ್ಟು ಕೆಳಗೆ ಯಾರು ನೋಡ್ತಾರೆ ಮಗ?"

"ಯಾರೂ ನೋಡುದಿಲ್ಲ. ಮೊದಲ ಮೂರು ನೋಡ್ತಾರೆ, ಫೋನು ಮಾಡ್ತಾರೆ. ಮ್ಯಾಪು ಮೂರು ವಿಷಯ ತೂಗಿ ನೋಡುದಮ್ಮ. ಕೇಳಿದ ಕೆಲಸ ಆ ಅಂಗಡಿಯಲ್ಲಿ ನಿಜವಾಗಿ ಉಂಟಾ. ಕೇಳಿದವರಿಗೆ ಎಷ್ಟು ಹತ್ತಿರ. ಮತ್ತೆ, ನಾಲ್ಕು ಜನರಿಗೆ ಅದು ಗೊತ್ತುಂಟಾ, ಅವರು ಎಂತ ಹೇಳಿದ್ದಾರೆ."

ಎಷ್ಟು ದೊಡ್ಡ ಯಂತ್ರ, ಎಷ್ಟು ಲಕ್ಷ ಅಂಗಡಿ. ಆದರೆ ನನ್ನ ಅತ್ತೆ ಶುಭಕಾರ್ಯಕ್ಕೆ ಅಡುಗೆಯವರನ್ನು ಗೊತ್ತು ಮಾಡುವಾಗ ಕೇಳುತ್ತಿದ್ದದ್ದೂ ಇದೇ ಮೂರು: ಇಂಥ ಅಡುಗೆ ಬರುತ್ತದಾ, ಹತ್ತಿರದವರಾ, ಯಾರ ಮನೆಯಲ್ಲಿ ಮಾಡಿದ್ದಾರೆ. ಅತ್ತೆಯ ತಲೆಯೊಳಗೆ ಇದ್ದದ್ದನ್ನು ಯಾರು ಹೋಗಿ ಅದಕ್ಕೆ ಹೇಳಿಕೊಟ್ಟರೋ!

ಮರುದಿನ ಬುತ್ತಿ ಕೊಡಲು ತೊಕ್ಕೊಟ್ಟಿಗೆ ಹೊರಟೆ. ಮಗಳು ಹುಡುಕುವುದನ್ನು ಕಲಿಸಿಕೊಟ್ಟಿದ್ದಳು. ಬಸ್ಸಿನ ಕಿಟಕಿ ಬದಿಯಲ್ಲಿ ಕೂತು ಹುಡುಕಿದೆ. ಕೊಟ್ಟಾರದಲ್ಲಿ ಇಪ್ಪತ್ತನಾಲ್ಕನೆಯದು. ಬಸ್ಸು ಬದಲಿಸಿ ಕಂಕನಾಡಿ ಬರುವಾಗ ಅದೇ ಮಾತು ಹಾಕಿ ಹುಡುಕಿದೆ. ಹದಿನೈದು. ನನಗೆ ತಪ್ಪಿತೇನೋ ಎಂದು ಮತ್ತೆ ಎಣಿಸಿದೆ. ಹದಿನೈದೇ. ನೇತ್ರಾವತಿಯ ಸೇತುವೆ ಹತ್ತಿದಾಗ ಒಂಬತ್ತು. ಕೆಳಗೆ ಕೆಂಪು ನೀರು ತುಂಬಿ ಹರಿಯುತ್ತಿತ್ತು, ದಾಟುವಾಗಲೆಲ್ಲ ಕೈಮುಗಿಯುವ ನದಿಗೆ ಆ ದಿನ ಕೈಮುಗಿಯಲು ಮರೆತೆ. ಸೇತುವೆ ಇಳಿದಾಗ ಏಳು. ತೊಕ್ಕೊಟ್ಟಿನ ಜಂಕ್ಷನಿನಲ್ಲಿ ಇಳಿದು, ಮೀನಿನ ಬುಟ್ಟಿಯವರ ನಡುವೆ ನಿಂತು ನೋಡಿದರೆ ನಾಲ್ಕು!

ಅಂಗಡಿ ಕೂತಲ್ಲಿಯೇ ಕೂತಿದೆ. ಕೇಳಿದ ಮಾತೂ ಒಂದೇ, ಕೈಯಲ್ಲಿದ್ದ ಫೋನೂ ಒಂದೇ. ನಾನು ಹತ್ತಿರ ಬಂದಷ್ಟೂ ಅದು ಮೇಲೆ ಎದ್ದು ಬರುತ್ತದೆ. ದೇವರ ವಿಷಯದಲ್ಲಿ ಇದನ್ನು ನಾನು ಸಾವಿರ ಸಲ ಕೇಳಿದ್ದೆ. ಕಣ್ಣಾರೆ ಕಂಡದ್ದು ಎರಡು ಬಸ್ಸಿನ ದಾರಿಯಲ್ಲಿ. ಇವರಿಗೆ ಹೇಳಿದರೆ, "ಬುತ್ತಿಯಲ್ಲಿ ಎಂತ ಉಂಟು?" ಎಂದರು.

ಆದರೂ ನಾಲ್ಕು ಮೂರಲ್ಲ. ಹತ್ತಿರ ಉಂಟು, ಕೆಲಸವೂ ಉಂಟು. ಇಲ್ಲದ್ದು ನಾಲ್ಕು ಜನರ ಮಾತು. ಅದನ್ನು ನಾನು ತರುತ್ತೇನೆ ಎಂದು ಮನಸ್ಸಿನಲ್ಲಿಯೇ ನಿಶ್ಚಯಿಸಿದೆ.

ಶುಕ್ರವಾರ ನಮ್ಮ ಭಜನೆ. ಮಂಗಳಾರತಿ ಆದ ಮೇಲೆ ಚಾಪೆಯ ಮೇಲೆಯೇ ವಿಷಯ ಎತ್ತಿದೆ. ಇವರು ಪುನಃ ಗಲ್ಫಿಗೆ ಹೋಗುವ ಮಾತು ಎಲ್ಲರಿಗೂ ಗೊತ್ತಿತ್ತು. ಹದಿನಾಲ್ಕು ಜನ ಹೆಂಗಸರು ಚೀಲದಿಂದ ಫೋನು ತೆಗೆದರು. ಮಗಳು ಒಬ್ಬೊಬ್ಬರಿಗೂ ಅಂಗಡಿಗೆ ನಕ್ಷತ್ರ ಕೊಡಲು ಎಲ್ಲಿ ಒತ್ತಬೇಕು, ಎಲ್ಲಿ ಎರಡು ಮಾತು ಬರೆಯಬೇಕು ಎಂದು ತೋರಿಸುತ್ತ ಹೋದಳು. ಸ್ವಲ್ಪ ಹೊತ್ತಿನಲ್ಲಿ ಅವಳ ಸ್ವರ ಏರಿತು.

"ದೊಡ್ಡಮ್ಮ, ನೀವು ನಾಲ್ಕೇ ನಕ್ಷತ್ರ ಕೊಟ್ಟದ್ದು! ಐದು ಒತ್ಬೇಕು, ಐದು!"

ಭಜನೆಗೆ ತಾಳ ಹಾಕುವ ಹಿರಿಯರು ಅವರು. ಕನ್ನಡಕ ಸರಿಮಾಡಿಕೊಂಡರು. "ನನಗೆ ಎಣಿಸ್ಲಿಕ್ಕೆ ಬರ್ತದೆ. ಐದೂ ತುಂಬಿಸಿ ಕೊಟ್ರೆ ದೃಷ್ಟಿ ಆಗುದಿಲ್ವಾ? ಒಂದು ಬಿಟ್ಟು ಕೊಟ್ಟದ್ದು."

"ಹೌದು ಹೌದು," ಎಂದು ಉಳಿದವರು. "ಮಗುವಿನ ಕೆನ್ನೆಗೆ ಕಪ್ಪು ಬೊಟ್ಟು ಇಡುದಿಲ್ವಾ, ಹಾಗೆ."

ಒಬ್ಬಾಕೆ ಅತಿ ಪ್ರೀತಿಯಿಂದ ಮೂರೇ ಕೊಟ್ಟಿದ್ದಳು. ಬರೆದದ್ದು ಕೂಡ ಒಂದೇ ಮಾತು, "ಪರವಾಗಿಲ್ಲ". ನಮ್ಮಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮಗಳು ತಲೆಗೆ ಕೈಹೊತ್ತು ನನ್ನನ್ನು ನೋಡಿದಳು. ನನಗೂ ಅದು ಸರಿಯೆಂದೇ ಕಂಡಿತ್ತು. ಹೊಸ ಜಾಗ, ಹೊಸ ಬೋರ್ಡು. ಕಣ್ಣು ಬಿದ್ದು ಹೋದರೆ ಯಾರು ಜವಾಬ್ದಾರಿ?

ಮರುದಿನ ನಮ್ಮ ಅಂಗಡಿಯ ಎದುರು ಮೂರು ಪಾಯಿಂಟ್ ಒಂಬತ್ತು ನಕ್ಷತ್ರ ಬಂತು. ತೊಕ್ಕೊಟ್ಟಿನಲ್ಲಿಯೇ ನಿಂತು ಹುಡುಕಿದರೂ ನಾಲ್ಕರಿಂದ ಆರಕ್ಕೆ ಇಳಿದಿತ್ತು. ಇವರು ಮೊದಲ ಸಲ ಸ್ವಲ್ಪ ಗಡುಸಾದರು. "ಕೆಲಸ ಮಾಡುದು ನಾನು. ಹೊಗಳಿ ಅಂತ ಊರಿಡೀ ಹೇಳುದು ಎಂತ ಮರ್ಯಾದೆ? ಬಿಡು. ಅಷ್ಟಮಿಗೆ ಹದಿನೆಂಟು ದಿನ ಉಂಟು. ನಾನು ಪಾಸ್‌ಪೋರ್ಟ್ ಹುಡುಕಿ ಇಡ್ತೇನೆ."

ಕಪಾಟಿನ ಮೇಲಿನ ತಗಡಿನ ಪೆಟ್ಟಿಗೆಯನ್ನು ಇಳಿಸಿದ ಶಬ್ದ ಅಡುಗೆಮನೆಗೆ ಕೇಳಿತು.

ಅದಾಗಿ ನಾಲ್ಕು ದಿನ. ಮಗಳು ಫೋನು ಹಿಡಿದು ಓಡಿಬಂದಳು. ಹದಿನಾಲ್ಕು ಜನರ ಮಾತಿನಲ್ಲಿ ಹನ್ನೆರಡು ಇರಲಿಲ್ಲ. ಒರೆಸಿ ತೆಗೆದ ಹಾಗೆ. ಎರಡು ಮಾತ್ರ ಉಳಿದಿದ್ದವು. ಆ ಇಬ್ಬರ ಹೆಸರನ್ನು ನಾನು ಎರಡೆರಡು ಸಲ ಓದಿಸಿದೆ. ಹದಿನಾಲ್ಕು ಜನರಲ್ಲಿ ಇವರ ಅಂಗಡಿಗೆ ನಿಜವಾಗಿ ಬಂದು ಕಲ್ಲು ಕೊತ್ತಿಸಿದವರು ಆ ಇಬ್ಬರೇ. ಉಳಿದವರು ಅಂಗಡಿಯ ಮೆಟ್ಟಿಲು ಕಂಡವರಲ್ಲ.

"ಅದಕ್ಕೆ ಹೇಗೆ ಗೊತ್ತಾಯ್ತು?"

"ಒಂದೇ ಜಾಗ, ಒಂದೇ ಗಳಿಗೆ, ಎಲ್ಲರೂ ಒಟ್ಟಿಗೆ ಒತ್ತಿದ್ದಕ್ಕೆ ಸಂಶಯ ಬಂದಿರ್ಬೇಕು. ಆ ಇಬ್ಬರ ಫೋನು ಮೊದಲು ಅಂಗಡಿಗೆ ಹೋದದ್ದು ಅದಕ್ಕೆ ನೆನಪಿರ್ಬೇಕು. ಇರ್ಬೇಕು ಅಂತ ನಾನು ಹೇಳುದು. ಸರಿಯಾಗಿ ಯಾರಿಗೂ ಗೊತ್ತಿಲ್ಲ ಅಮ್ಮ."

ಆ ಸಂಜೆ ದೀಪದ ಎದುರು ಕೂತಾಗ ಬೆರಳಿನ ಗೆರೆ ಎಣಿಸಲು ಆಗಲಿಲ್ಲ. ದೇವರ ಎದುರಿನ ಚಾಪೆಯಲ್ಲಿ ಕೂತು ಕಾಣದ್ದನ್ನು ಕಂಡೆವೆಂದು ಹನ್ನೆರಡು ಜನರಿಂದ ಬರೆಸಿದವಳು ನಾನು. ನನಗೆ ಅದು ತಪ್ಪೆಂದು ಹೊಳೆದಿರಲಿಲ್ಲ. ಎಲ್ಲಿಯೋ ಇರುವ, ಹೆಸರು ಕುಲ ಗೊತ್ತಿಲ್ಲದ ಒಂದು ತಕ್ಕಡಿಗೆ ಹೊಳೆದಿತ್ತು. ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚು ಬೆರಗಾಯಿತು. ಮನುಷ್ಯರು ಮಾಡಿದ್ದರಲ್ಲಿ ಇಷ್ಟು ನೋಟ ಇರಬಹುದಾದರೆ, ಮನುಷ್ಯರನ್ನು ಮಾಡಿದವನ ನೋಟ ಹೇಗಿರಬಹುದು? ತಪ್ಪಾಯಿತು ಎಂದು ಅಡ್ಡಬಿದ್ದೆ. ಇನ್ನು ಯಾರಲ್ಲಿಯೂ ಕೇಳುವುದಿಲ್ಲ, ಆದ ಹಾಗೆ ಆಗಲಿ ಎಂದುಕೊಂಡೆ.

ಕೇಳದೆ ಬಂದದ್ದು ಅದರ ಮರುವಾರ.

ಆ ಬ್ಯಾರಿ ಅಕ್ಕ ಬರೆದಿದ್ದರು. ಕನ್ನಡದಲ್ಲಿ, ಉದ್ದಕ್ಕೆ. ತಾಯಿಯ ಗ್ರೈಂಡರಿನ ಕಲ್ಲು ಸವೆದು ಹಿಟ್ಟು ನುಣ್ಣಗೆ ಆಗುತ್ತಿರಲಿಲ್ಲ, ತೊಕ್ಕೊಟ್ಟಿನಲ್ಲಿ ಕೈಯಿಂದಲೇ ಕಲ್ಲು ಕೊತ್ತುವವರು ಇದ್ದಾರೆಂದು ಗೊತ್ತಿರಲಿಲ್ಲ, ಶಬ್ದ ಕೇಳಿ ಹೋದೆ, ದೋಸೆಗೋ ಪತ್ತಿರಿಗೋ ಎಂದು ಕೇಳಿಯೇ ಉಳಿ ಹಿಡಿದರು, ಮದುವೆ ದಿನ ಪತ್ತಿರ್ ತಿಂದವರೆಲ್ಲ ಅಮ್ಮನ ಕೈ ನೆನಪಾಯಿತು ಎಂದರು, ಎಂದೆಲ್ಲ. ಕೊತ್ತಿದ ಕಲ್ಲಿನ ಫೋಟೋ ಕೂಡ. ಐದಕ್ಕೆ ಐದು ನಕ್ಷತ್ರ. ಕೊನೆಯಲ್ಲಿ ಒಂದು ಮಾತು: ಮಾಷಾ ಅಲ್ಲಾಹ್.

ನಾನು ನಕ್ಷತ್ರಗಳನ್ನು ಮತ್ತೊಮ್ಮೆ ಎಣಿಸಿದೆ. "ಐದೂ ಕೊಟ್ಟಿದ್ದಾರಲ್ಲ ಮಗ!"

ಮಗಳ ಕ್ಲಾಸಿನಲ್ಲಿ ಬ್ಯಾರಿ ಗೆಳತಿಯರಿದ್ದಾರೆ. "ಹೆದರ್ಬೇಡಿ. ಕೊನೆಯಲ್ಲಿ ಬರೆದದ್ದು ಅದಕ್ಕೇ. ಒಳ್ಳೆಯದು ಕಂಡಾಗ ಹಾಗೆ ಹೇಳಿದ್ರೆ ಕಣ್ಣು ತಾಗುದಿಲ್ಲ ಅಂತ ಅವರಲ್ಲಿ."

ನಮ್ಮವರು ಹದಿನಾಲ್ಕು ಜನ ದೃಷ್ಟಿಗೆ ಹೆದರಿ ಒಂದೊಂದು ನಕ್ಷತ್ರ ಹಿಂದಕ್ಕೆ ಇಟ್ಟುಕೊಂಡಿದ್ದೆವು. ಆಕೆಗೂ ಅದೇ ಹೆದರಿಕೆ. ಆದರೆ ಕೊಡುವುದನ್ನು ಪೂರ್ತಿ ಕೊಟ್ಟು, ಕಾಯುವುದನ್ನು ದೇವರಿಗೆ ಬಿಟ್ಟಿದ್ದರು. ಇಷ್ಟು ವರ್ಷ ದೀಪ ಹಚ್ಚಿದ ನನಗೆ ಅದು ತಿಳಿದಿರಲಿಲ್ಲ.

ಆಮೇಲೆ ಆದದ್ದನ್ನು ನಾನು ಇಂದಿಗೂ ಪವಾಡವೆಂದೇ ಹೇಳುತ್ತೇನೆ, ಮಗಳು ಲೆಕ್ಕಾಚಾರ ಎನ್ನುತ್ತಾಳೆ. ಅಷ್ಟಮಿ ಹತ್ತಿರ ಬಂದಿತ್ತು. ಹಬ್ಬಕ್ಕೆ ಎಲೆಯಲ್ಲಿ ಬೇಯಿಸುವ ಮೂಡೆಗೆ ಹಿಟ್ಟು ಅರೆಯಬೇಕಾದ ಮನೆಮನೆಯಲ್ಲಿ ಕಲ್ಲಿನ ನೆನಪಾಗುವ ಕಾಲ. ಹಿಟ್ಟು ನುಣ್ಣಗೆ ಆಗುವುದಿಲ್ಲ, ಕಲ್ಲು ಕೊತ್ತುವವರು ಎಲ್ಲಿದ್ದಾರೆ ಎಂದು ಜನ ಫೋನಿನಲ್ಲಿ ಕೇಳುವ ಮಾತೇ ಆಕೆಯ ಬರಹದಲ್ಲಿ ಇತ್ತು. ಅಂಥ ಮಾತು ಬೇರೆ ಯಾವ ಅಂಗಡಿಯ ಕೆಳಗೂ ಇರಲಿಲ್ಲ. ಕಲ್ಲು ಕೊತ್ತುವುದು ಎಂದು ಮಗಳು ಹುಡುಕಿ ತೋರಿಸಿದಳು. ಕೊಟ್ಟಾರದಲ್ಲಿ, ನಮ್ಮದೇ ಜಗಲಿಯಲ್ಲಿ ಕೂತು. ಎಳೆಯಬೇಕಾಗಲಿಲ್ಲ. ಮೊದಲನೆಯದೇ ನಮ್ಮದು. ಸೇತುವೆ ದಾಟದೆಯೇ ಕಂಡಿತು.

ಫೋನುಗಳು ಶುರುವಾದವು. ಕಂಕನಾಡಿಯ ಹಳೆಯ ಗಿರಾಕಿಯೊಬ್ಬರು ಬೈದೇ ಬೈದರು: "ಎಲ್ಲಿ ಸತ್ತು ಹೋಗಿದ್ದೆ ಮಾರಾಯ? ನನ್ನ ಹೆಂಡತಿ ಒಂದು ವರ್ಷದಿಂದ ರವೆಯಂಥ ದೋಸೆ ತಿನ್ನಿಸ್ತಾಳೆ!" ಇವರು ಆ ಬೈಗುಳವನ್ನು ಮನೆಗೆ ಬಂದು ಎರಡು ಸಲ ಹೇಳಿದರು. ಬಂದವರಿಗೆಲ್ಲ ಕೆಲಸ ಮುಗಿದ ಮೇಲೆ, "ಸರಿ ಆದ್ರೆ ಆಯ್ತು ಅಂತ ಬರೀರಿ, ಇಲ್ಲದಿದ್ರೆ ಇಲ್ಲ ಅಂತ ಬರೀರಿ," ಎಂದು ಹೇಳಲು ಇವರೇ ಕಲಿತರು. ಬ್ಯಾರಿ ಅಕ್ಕನಿಗೆ ನಾನು ಮಲ್ಲಿಗೆ ತೆಗೆದುಕೊಂಡು ಹೋದೆ. "ನಾನು ಆದದ್ದು ಬರೆದದ್ದಲ್ವಾ ಅಕ್ಕ, ಅದಕ್ಕೆಂತ ಮಲ್ಲಿಗೆ," ಎಂದು ನಕ್ಕು, ಪತ್ತಿರ್ ಕಟ್ಟಿಕೊಟ್ಟು ಕಳಿಸಿದರು.

ಅಷ್ಟಮಿಯ ಹಿಂದಿನ ದಿನ ಬೆಳಿಗ್ಗೆ ಗಲ್ಫಿನ ಸ್ನೇಹಿತರ ಫೋನು ಬಂತು. ಇವರು ಶರಟಿನ ಗುಂಡಿ ಹಾಕುತ್ತ ಜಗಲಿಯಲ್ಲಿ ನಿಂತಿದ್ದರು. ನಾನು ಬಾಗಿಲ ಈಚೆ, ಕೈಯಲ್ಲಿ ನೆನೆದ ಉದ್ದಿನ ಪಾತ್ರೆ.

"ಇಲ್ಲ ಮಾರಾಯ," ಎಂದರು ಇವರು. "ಬೇರೆಯವರನ್ನು ನೋಡ್ಲಿಕ್ಕೆ ಹೇಳು. ಇಲ್ಲಿ ಹನ್ನೊಂದು ಕಲ್ಲು ಸಾಲಾಗಿ ಕೂತಿದೆ, ಇವತ್ತೇ ಕೊಡ್ಬೇಕು."

ಪಾಸ್‌ಪೋರ್ಟಿನ ಪೆಟ್ಟಿಗೆ ಇನ್ನೂ ಕಪಾಟಿನ ಕೆಳಗೆಯೇ ಇತ್ತು. ಚಪ್ಪಲಿ ಹಾಕಿ ಗೇಟಿನವರೆಗೆ ಹೋದವರು ತಿರುಗಿ ನೋಡಿದರು.

"ನಮ್ಮ ಕಲ್ಲು ಹೇಗುಂಟು? ನೋಡದೆ ತುಂಬ ದಿನ ಆಯ್ತಲ್ಲ."

"ಪರವಾಗಿಲ್ಲ," ಎಂದೆ.

ಸುಳ್ಳಲ್ಲ ಅದು. ಒಳಗೆ ಬಂದು ಗ್ರೈಂಡರಿಗೆ ಉದ್ದು ಹಾಕಿ ಸ್ವಿಚ್ ಒತ್ತಿದೆ. ಕಲ್ಲು ನುಣ್ಣಗಾಗಿ ಜಾರುತ್ತಿತ್ತು, ಎಂದಿಗಿಂತ ಹೆಚ್ಚು ಹೊತ್ತು ಬೇಕು. ಒಂದು ಚೂರು ಮರಳಿಲ್ಲ. ಅಂಚಿಗೆ ಏರಿದ ಹಿಟ್ಟನ್ನು ಕೈಯಿಂದ ಒಳಗೆ ದೂಡುತ್ತ ನಿಂತೆ. ಮೂಡೆಯ ಅಕ್ಕಿ ಇನ್ನೂ ತೊಳೆಯಲಿಕ್ಕಿತ್ತು.